ಕತ್ತಿನ ಡಿಸ್ಕ್ ಆಪರೇಷನ್ ಆಗಿ ಎರಡು ವಾರ, ಈಗ ತಲೆಸುತ್ತು. ಕಾಯಬಹುದಾ?

ನಿಮ್ಮ ತಂದೆಯವರ ಗಾಯ ಒಣಗಿದೆ, ಆದರೆ ಎರಡು ದಿನದಿಂದ ತಲೆ ಸುತ್ತುತ್ತಿದೆ, ಕತ್ತಿನ ಬಲಗಡೆ ಸ್ವಲ್ಪ ಊದಿದೆ, ಮನೆಯವರು ನಿಶ್ಶಕ್ತಿ ಅಂತಾರೆ ಎಂದು ಬರೆದಿದ್ದೀರಿ. ದಯವಿಟ್ಟು ಕಾಯಬೇಡಿ. ಇವತ್ತೇ ಆಪರೇಷನ್ ಮಾಡಿದ ಸರ್ಜನ್‌ಗೆ ತೋರಿಸಿ. ಅವರು ಸಿಗದಿದ್ದರೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ನಾನು ನ್ಯೂರೋಸರ್ಜರಿ ವಾರ್ಡಿನಲ್ಲಿ ನರ್ಸ್. ನಿಶ್ಶಕ್ತಿಗೂ ತಲೆ ಸುತ್ತುತ್ತದೆ, ನೋವಿನ ಮಾತ್ರೆಗೂ ಸುತ್ತುತ್ತದೆ, ನಿಜ. ಆದರೆ ಕತ್ತಿನ ಆಪರೇಷನ್ ಆದವರಲ್ಲಿ ಹೀಗೆ ಹೊಸದಾಗಿ ಶುರುವಾದರೆ, ಮೊದಲು ರಕ್ತನಾಳ ಸರಿಯಿದೆ ಅಂತ ಖಚಿತ ಮಾಡಿಕೊಳ್ಳಬೇಕು. ನಿಶ್ಶಕ್ತಿಯ ಮಾತು ಆಮೇಲೆ.

ಕತ್ತಿನ ಮೂಳೆಗಳ ಎರಡೂ ಪಕ್ಕದಲ್ಲಿ ಸಣ್ಣ ತೂತುಗಳಿವೆ. ವರ್ಟಿಬ್ರಲ್ ಆರ್ಟರಿ ಅನ್ನುವ ರಕ್ತನಾಳ ಸಾಮಾನ್ಯವಾಗಿ ಮೇಲಿನಿಂದ 6ನೇ ಮೂಳೆಯ ತೂತಿನಲ್ಲಿ ಹೊಕ್ಕು ಮೇಲಕ್ಕೆ ಹೋಗುತ್ತದೆ. ಮೆದುಳಿನ ಹಿಂಭಾಗಕ್ಕೆ, ಅಂದರೆ ನಡೆಯುವಾಗ ತೂರಾಡದಂತೆ ನೋಡಿಕೊಳ್ಳುವ ಭಾಗಕ್ಕೂ, ರಕ್ತ ಹೋಗುವುದು ಇದರಿಂದಲೇ. ಡ್ರಿಲ್ಲೋ ಸ್ಕ್ರೂವೋ ತಗುಲಿ ಇದಕ್ಕೆ ಪೆಟ್ಟಾಗುವುದು ಅಪರೂಪ. ಆದಾಗ ಹೆಚ್ಚಾಗಿ ಅಲ್ಲೇ ಒತ್ತಿಹಿಡಿದು ರಕ್ತ ನಿಲ್ಲಿಸಿರುತ್ತಾರೆ. ಕೆಲವೊಮ್ಮೆ ಪೆಟ್ಟು ಆ ಹೊತ್ತಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ನಾಳದ ಪಕ್ಕದಲ್ಲಿ ರಕ್ತ ಜಿನುಗಿ ಒಂದು ಚೀಲ ಕಟ್ಟಿಕೊಳ್ಳಬಹುದು. ಡಾಕ್ಟರುಗಳು ಇದನ್ನು ಸೂಡೋಅನ್ಯೂರಿಸಮ್ ಅಂತಾರೆ. ಇದು ಕೆಲವು ದಿನಕ್ಕೆ ಕಾಣಿಸಿಕೊಳ್ಳಬಹುದು, ವರ್ಷಗಳ ಮೇಲೂ ಕಾಣಿಸಿಕೊಳ್ಳಬಹುದು. ಒಡೆದರೆ ಕತ್ತಿನೊಳಗೆ ರಕ್ತಸ್ರಾವ. ಒಳಗಿನ ಹೆಪ್ಪು ಚೂರಾಗಿ ಮೇಲೆ ಹೋದರೆ ಸ್ಟ್ರೋಕ್.

ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ. ಆಪರೇಷನ್ ವೇಳೆ ಜಾಸ್ತಿ ರಕ್ತ ಹೋಯಿತಾ, ಒತ್ತಿ ನಿಲ್ಲಿಸಬೇಕಾಯಿತಾ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ, ಕೇಳುವ ಹಕ್ಕು ನಿಮಗಿದೆ. ಬರೀ ಎಕ್ಸ್‌ರೇ ತೆಗೆದು ಸ್ಕ್ರೂ ಸರಿಯಿದೆ ಅಂದರೆ ಸಾಲದು. ಅದರಲ್ಲಿ ರಕ್ತನಾಳ ಕಾಣುವುದಿಲ್ಲ. ಸಿಟಿ ಆಂಜಿಯೋಗ್ರಾಮ್, ಅಂದರೆ ರಕ್ತನಾಳ ತೋರಿಸುವ ಸ್ಕ್ಯಾನ್, ಬೇಕಾ ಅಂತ ಕೇಳಿ. ಚೀಲ ಸಿಕ್ಕರೂ ಎಷ್ಟೋ ಸಲ ಕತ್ತನ್ನು ಮತ್ತೆ ತೆರೆಯಬೇಕಾಗಿಲ್ಲ. ತೊಡೆಯ ಸಂದಿಯ ರಕ್ತನಾಳದಿಂದ ಸಣ್ಣ ಟ್ಯೂಬ್ ಕಳಿಸಿ ಕಾಯಿಲ್ (ಸಣ್ಣ ತಂತಿಯ ಸುರುಳಿ) ಅಥವಾ ಸ್ಟೆಂಟ್ (ನಾಳದೊಳಗೆ ಕೂರಿಸುವ ಜಾಲರಿಯ ಕೊಳವೆ) ಹಾಕುತ್ತಾರೆ.

ಊತ ಬೆಳೆಯುತ್ತಿದ್ದರೆ, ಮುಟ್ಟಿದಾಗ ಮಿಡಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಮಾತು ತೊದಲಿದರೆ, ಎರಡೆರಡು ಕಂಡರೆ, ಒಂದು ಕಡೆ ಕೈಕಾಲು ಸೋತರೆ ತಕ್ಷಣ 108ಕ್ಕೆ ಫೋನ್ ಮಾಡಿ. ಆಪರೇಷನ್ ಆದ ತಾರೀಖನ್ನು ಮೊದಲೇ ಹೇಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಾ ಬೇಡವಾ ಅನ್ನುವುದಕ್ಕೆ ಅದು ಬಹಳ ಮುಖ್ಯ. ಡಾಕ್ಟರು ನೋಡುವವರೆಗೆ ಎಣ್ಣೆ ಹಚ್ಚಿ ತಿಕ್ಕುವುದು, ಕತ್ತಿನ ನೆಟಿಗೆ ತೆಗೆಸುವುದು, ನೀವೇ ಆಸ್ಪಿರಿನ್ ಕೊಡುವುದು ಯಾವುದೂ ಬೇಡ.