ಒಂದು ಕಾಫಿ ರೆಂಬೆಯಲ್ಲಿ ಒಂದು ಗಂಟೆ ನೋಡೋಕೆ ಏನಿದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ ಕಾಲೇಜು ಓದಿನ ಕುರಿತು ಬಂದ ಪತ್ರಗಳು.

ನಾನು ಬಿಎಸ್ಸಿ ಎರಡನೇ ವರ್ಷ, ಸಸ್ಯಶಾಸ್ತ್ರ. ಪ್ರಾಕ್ಟಿಕಲ್‌ನಲ್ಲಿ ಮೇಡಂ ಎಲ್ಲರ ಕೈಗೂ ಒಂದೊಂದು ಅರೇಬಿಕಾ ರೆಂಬೆ ಕೊಟ್ಟು, "ಒಂದು ಗಂಟೆ ನೋಡಿ, ಪುಸ್ತಕ ಮುಟ್ಟಬೇಡಿ" ಅಂದರು. ನಮ್ಮನೆ ಇರೋದೇ ತೋಟದಲ್ಲಿ. ಹತ್ತು ನಿಮಿಷಕ್ಕೆ ನೋಡಿ ಮುಗೀತು. ಉಳಿದ ಹೊತ್ತು ಏನು ಮಾಡಬೇಕಿತ್ತು?
– ವಿದ್ಯಾರ್ಥಿನಿ, ಮೂಡಿಗೆರೆ

ಪುಸ್ತಕ ತೆರೆಯದೆ ಇಷ್ಟು ಹೇಳಿ ನೋಡೋಣ. ಎದುರುಬದುರಾಗಿರುವ ಎರಡು ಎಲೆತೊಟ್ಟುಗಳ ನಡುವೆ, ಗಿಣ್ಣಿನ ಮೇಲೆ, ಏನಿದೆ? ಎಲೆಯ ತಳಬದಿಯಲ್ಲಿ, ನಡುನರದಿಂದ ಅಡ್ಡನರ ಕವಲೊಡೆಯುವ ಸಂದಿನಲ್ಲಿ, ಏನಿದೆ? ಗೊತ್ತಿಲ್ಲವಾದರೆ ಹುಟ್ಟಿದಾಗಿಂದ ಕಂಡ ಗಿಡವನ್ನು ನೀವಿನ್ನೂ ನೋಡಿಲ್ಲ. ತೋಟದ ಮನೆಯ ಮಕ್ಕಳಿಗೇ ಇದು ಹೆಚ್ಚು ಕಷ್ಟ.

ಮೊದಲ ಹತ್ತು ನಿಮಿಷ ಪೆನ್ಸಿಲ್ ಮುಟ್ಟಬೇಡಿ, ರೆಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿ. ಆಮೇಲೆ ಬಿಡಿಸಿ. ಚಿತ್ರ ಅರ್ಧ ಪುಟಕ್ಕಿಂತ ಚಿಕ್ಕದಾಗಬಾರದು, ಶೇಡಿಂಗ್ ಬೇಡ, ಗೆರೆ ಸಾಕು. ಎಲೆಯ ಉದ್ದ ಅಗಲ, ಗಿಣ್ಣಿನಿಂದ ಗಿಣ್ಣಿಗೆ ಇರುವ ಅಂತರವನ್ನು ಸ್ಕೇಲ್ ಇಟ್ಟು ಅಳೆದು ಪಕ್ಕದಲ್ಲೇ ಬರೆಯಿರಿ. ಗೆರೆ ಎಳೆಯುವಾಗ ಕೈ ಎಲ್ಲಿ ಅನುಮಾನಿಸಿ ನಿಲ್ಲುತ್ತದೋ ಅಲ್ಲಿ ನೀವು ನೋಡಿಲ್ಲ ಎಂದರ್ಥ. ಆ ಜಾಗಕ್ಕೇ ವಾಪಸು ಹೋಗಿ.

ಭೂತಗನ್ನಡಿ 10 ಪಟ್ಟಿನದು ಸಾಕು. ಹೆಚ್ಚಿನವರು ಅದನ್ನು ಎಲೆಯ ಹತ್ತಿರ ಹಿಡಿದು ದೂರದಿಂದ ಇಣುಕುತ್ತಾರೆ. ಹಾಗಲ್ಲ, ಗಾಜು ಕಣ್ಣಿಗೆ ತಾಗುವಷ್ಟು ಹತ್ತಿರವಿರಲಿ, ಎಲೆಯನ್ನು ಅದರತ್ತ ತನ್ನಿ. ಸುಮಾರು 2.5 ಸೆಂ.ಮೀ. ದೂರದಲ್ಲಿ ಸ್ಪಷ್ಟವಾಗುತ್ತದೆ. 30 ಪಟ್ಟಿನದಕ್ಕೆ ಆಸೆ ಪಡಬೇಡಿ. ಕಾಣುವ ಜಾಗ ಕಿರಿದು, ಬೆಳಕೂ ಕಡಿಮೆ.

ಈಗ ತೊಟ್ಟುಗಳ ನಡುವೆ ತ್ರಿಕೋನಾಕಾರದ ಪುಟ್ಟ ಸ್ಟಿಪ್ಯೂಲ್ (ತೊಟ್ಟಿನ ಬುಡದ ಎಲೆಯಂಥ ಚಿಕ್ಕ ಭಾಗ) ಕಾಣುತ್ತದೆ. ಹಿತ್ತಲಿನ ಕೇಪಳದಲ್ಲೂ ಬೇಲಿಯ ಕಾರೆಯಲ್ಲೂ ಅದನ್ನೇ ಹುಡುಕಿ. ಮೂರೂ ರೂಬಿಯೇಸಿ ಕುಟುಂಬದವು ಎಂಬುದನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಎಲೆಯ ತಳಬದಿಯ ಸಂದಿಯಲ್ಲಿ ಸಣ್ಣ ಗುಳಿಗಳಿವೆ. ಅವು ಡೊಮೇಷಿಯಾ, ನುಸಿಗಳ ಬಿಡಾರ.

ಪುಟದ ನಡುವೆ ಒಂದು ಗೆರೆ ಹಾಕಿ. ಎಡಕ್ಕೆ ಕಂಡದ್ದು, ಬಲಕ್ಕೆ ಅನ್ನಿಸಿದ್ದು. "ತುಕ್ಕು ರೋಗ ಬಂದಿದೆ" ಎನ್ನುವುದು ಬಲಕ್ಕೆ. "ತಳಬದಿಯಲ್ಲಿ 4 ಮಿ.ಮೀ. ಮಚ್ಚೆ, ಕಿತ್ತಳೆ ಪುಡಿ, ಬೆರಳಿಗೆ ಅಂಟುತ್ತದೆ" ಎನ್ನುವುದು ಎಡಕ್ಕೆ. ಎರಡೂ ಕಲಸಿಹೋದರೆ ನಾಳೆ ಅಭಿಪ್ರಾಯ ಬದಲಾದಾಗ ಕಂಡದ್ದನ್ನೂ ಕಳೆದುಕೊಳ್ಳುತ್ತೀರಿ.

ಇನ್ನೂ ಹೊತ್ತು ಉಳಿದರೆ ಮನೆಗೆ ಹೋಗಿ ಕಂಬಚಿಗುರನ್ನೂ ಅಡ್ಡ ರೆಂಬೆಯನ್ನೂ ಪಕ್ಕಪಕ್ಕ ಇಡಿ. ನೆಟ್ಟಗೆ ಏಳುವ ಚಿಗುರಿನಲ್ಲಿ ಒಂದು ಜೋಡಿ ಎಲೆ ಪೂರ್ವ-ಪಶ್ಚಿಮವಾದರೆ ಮುಂದಿನದು ಉತ್ತರ-ದಕ್ಷಿಣ. ಅಡ್ಡ ರೆಂಬೆಯಲ್ಲಿ ಎಲ್ಲ ಜೋಡಿಗಳೂ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಹರಡಿರುತ್ತವೆ. ಹಾಗಾಗಲು ಏನು ತಿರುಚಿಕೊಂಡಿದೆ, ತೊಟ್ಟೋ, ಕಡ್ಡಿಯೋ? ಅಡ್ಡ ರೆಂಬೆಯ ತುಂಡು ನೆಟ್ಟರೆ ಗಿಡ ಅಡ್ಡಡ್ಡವೇ ಹರಡುತ್ತದೆ. ನರ್ಸರಿಯವರು ಕಂಬಚಿಗುರಿನ ತುಂಡನ್ನೇ ಕೇಳುವುದು ಇದಕ್ಕೇ.

ನಾವು ನಾಲ್ವರು ಸೇರಿ ಪ್ರಾಜೆಕ್ಟ್ ಮಾಡಬೇಕು. "ವಿಷಯ ನೀವೇ ಯೋಚಿಸಿ" ಅಂತಾರೆ. ಸ್ವಂತ ಪ್ರಶ್ನೆ ಹುಟ್ಟಿಸೋದು ಹೇಗೆ?
– ವಿದ್ಯಾರ್ಥಿ, ಚಿಕ್ಕಮಗಳೂರು

ಮೇಲಿನ ಗುಳಿಗಳಿಂದಲೇ ಹೊರಡಿ. ನುಸಿ ಇರುವ ಗುಳಿ ನೆರಳಿನ ಗಿಡದಲ್ಲಿ ಹೆಚ್ಚೋ, ಬಿಸಿಲಿನ ಗಿಡದಲ್ಲೋ? ಎಣಿಸಿ ಹೇಳಬಹುದಾದ್ದು, ನಿಮ್ಮ ಊಹೆ ತಪ್ಪೆಂದೂ ತೋರಿಸಬಹುದಾದ್ದು. ಪ್ರಶ್ನೆಗೆ ಅಷ್ಟು ಯೋಗ್ಯತೆ ಸಾಕು. "ಕಾಫಿ ಮತ್ತು ಪರಿಸರ" ಎಂಬುದು ಪ್ರಶ್ನೆಯೇ ಅಲ್ಲ, ಭಾಷಣದ ತಲೆಬರಹ.

ಒಂದೇ ತಳಿ, ಹೆಚ್ಚುಕಡಿಮೆ ಒಂದೇ ವಯಸ್ಸಿನ 10 ಗಿಡ ನೆರಳಲ್ಲಿ, 10 ಬಿಸಿಲಲ್ಲಿ. ಪ್ರತಿ ಗಿಡದಿಂದ 4 ಎಲೆ. ಯಾವ ಎಲೆ ಎಂಬುದನ್ನು ತೋಟಕ್ಕೆ ಕಾಲಿಡುವ ಮೊದಲೇ ಬರೆದಿಡಿ, ಉದಾಹರಣೆಗೆ ತುದಿಯಿಂದ ಮೂರನೇ ಜೋಡಿಯ ಎಡದ ಎಲೆ. ಅಲ್ಲಿ ಹೋಗಿ ಆರಿಸಿದರೆ ಕೈ ತಾನಾಗಿ ಚೆಂದದ ಎಲೆಗೆ ಹೋಗುತ್ತದೆ, ಅಲ್ಲಿಗೆ ಲೆಕ್ಕ ಕೆಟ್ಟಿತು. ಒಂದೇ ಗಿಡದ 40 ಎಲೆ ಕಿತ್ತು "ಮಾದರಿ 40" ಎನ್ನುವುದು ಪ್ರಾಜೆಕ್ಟುಗಳಲ್ಲಿ ಮಾಮೂಲಿ ತಪ್ಪು. ಅದು ಒಂದು ಗಿಡದ ಕಥೆ ಅಷ್ಟೆ. ಇತ್ತೀಚೆಗೆ ಔಷಧಿ ಹೊಡೆದ ತೋಟ ಬೇಡ, ಕೇಳಿಕೊಂಡೇ ಹೋಗಿ. ನುಸಿ ಎಣಿಸಲು ವಿಭಾಗದ ಸ್ಟೀರಿಯೋ ಮೈಕ್ರೋಸ್ಕೋಪ್ ಬೇಕು. ಎಲೆ ನೆರಳಿನದೋ ಬಿಸಿಲಿನದೋ ತಿಳಿಯದ ಹಾಗೆ ನಂಬರ್ ಹಾಕಿ, ಇಬ್ಬರು ಬೇರೆಬೇರೆಯಾಗಿ ಎಣಿಸಲಿ. ಲೆಕ್ಕ ತಾಳೆಯಾಗದಿದ್ದರೆ ಗುಳಿಯನ್ನು ಇಬ್ಬರೂ ಒಂದೇ ರೀತಿ ಗುರುತಿಸುತ್ತಿಲ್ಲ.

ವ್ಯತ್ಯಾಸವೇ ಸಿಗದಿದ್ದರೆ ಹಾಗೇ ಬರೆಯಿರಿ. ಅಂಕಿ ತಿದ್ದಬೇಡಿ.

ಇತಿಹಾಸ ಎಂಎ ಓದುತ್ತಿದ್ದೇನೆ. ಹಳೇಬೀಡಿಗೆ ಎಷ್ಟು ಸಲ ಹೋದರೂ ಗೈಡ್ ಹೇಳಿದ್ದೇ ನೆನಪಲ್ಲಿ ಉಳಿಯುತ್ತದೆ. ಸ್ವಂತವಾಗಿ ನೋಡೋದು ಹೇಗೆ?
– ಹಾಸನದಿಂದ ಒಬ್ಬರು

ಇಡೀ ಗುಡಿ ನೋಡಲು ಹೋಗಬೇಡಿ. ಹೊಯ್ಸಳೇಶ್ವರದ ಹೊರಗೋಡೆಯಲ್ಲಿ ಎರಡು ಮೀಟರ್ ಆರಿಸಿಕೊಳ್ಳಿ. ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣ ಕಥೆ, ಮಕರ, ಹಂಸ ಎಂದು ಸಾಲುಗಳು ಏರುತ್ತವೆ. ಇಷ್ಟು ಎಲ್ಲ ಗೈಡುಗಳೂ ಹೇಳುತ್ತಾರೆ. ನೀವು ಹುಡುಕಬೇಕಾದ್ದು ಕಲ್ಲು ಕಲ್ಲು ಸೇರುವ ಸಂದು. ಆನೆಯ ಮೈ ಸಂದನ್ನು ದಾಟಿ ಮುಂದಿನ ಕಲ್ಲಿಗೆ ಹೋಗುತ್ತದೆಯೇ, ಸಂದಿಗೆ ಮೊದಲೇ ಮುಗಿಯುತ್ತದೆಯೇ? ದಾಟಿದ್ದರೆ ಕಲ್ಲು ಕೂಡಿಸಿದ ಮೇಲೆ ಕೆತ್ತಿರಬಹುದು, ಅಥವಾ ನೆಲದ ಮೇಲೆ ಜೋಡಿಸಿ ಕೆತ್ತಿ ಆಮೇಲೆ ಏರಿಸಿರಬಹುದು. ಎರಡನೆಯದಾದರೆ ಗೆರೆ ಕೂದಲೆಳೆಯಷ್ಟು ತಪ್ಪಿರುವ ಜಾಗಗಳು ಸಿಗಬೇಕು. ಆರಂಭಿಸಿ ಬಿಟ್ಟ ಕೆತ್ತನೆ ಕಂಡರೆ ಅದೇ ಭಾಗ್ಯ, ಉಳಿಯ ಕೆಲಸ ಯಾವ ಕ್ರಮದಲ್ಲಿ ಸಾಗಿತೆಂದು ಅದೇ ಹೇಳುತ್ತದೆ.

ಬೆಳಕು ಗೋಡೆಯನ್ನು ಸವರಿಕೊಂಡು ಓರೆಯಾಗಿ ಬೀಳಬೇಕು: ಪೂರ್ವದ ಗೋಡೆಗೆ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಪಶ್ಚಿಮದ್ದಕ್ಕೆ ಮಧ್ಯಾಹ್ನ ಕಳೆದ ಸ್ವಲ್ಪ ಹೊತ್ತಿಗೆ. ಬಿಸಿಲು ಗೋಡೆಗೆ ನೇರ ಎದುರಿನಿಂದ ಬೀಳುವಾಗ ತೆಗೆದ ಫೋಟೋದಲ್ಲಿ ಸಂದು ಸರಿಯಾಗಿ ಕಾಣದು. ಕಲ್ಲು ಮುಟ್ಟಬೇಡಿ, ಕಾಗದ ಒತ್ತಿ ಅಚ್ಚು ತೆಗೆಯಬೇಡಿ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 5ನೇ ಸಂಪುಟದಲ್ಲಿ ಕೊಟ್ಟಿದ್ದಾರೆ. ಅದನ್ನು ಓದಿ, ಆದರೆ ಎರಡು ಮೀಟರ್ ಗೋಡೆ ನೋಡಿ ಮುಗಿಸಿದ ಮೇಲೆ.

ಮೊಬೈಲ್ ಹಿಡಿದರೆ ಗಿಡದ ಹೆಸರು ಬಂದುಬಿಡುತ್ತೆ. ಮತ್ತೆ ಈ ಕಷ್ಟ ಯಾಕೆ?
– ವಿದ್ಯಾರ್ಥಿ, ಸಕಲೇಶಪುರ

ಹೆಸರು ಬರಲಿ, ಕೊನೆಗೆ ಬರಲಿ. ಮೊದಲೇ ಬಂದರೆ ಕಣ್ಣು ಅಲ್ಲಿಗೇ ನಿಲ್ಲುತ್ತದೆ. ಹೂವಿಲ್ಲದ ಎಲೆಯ ಫೋಟೋಗೆ ಆ ಆ್ಯಪ್‌ಗಳು ಆಗಾಗ ತಪ್ಪು ಹೇಳುತ್ತವೆ, ಎಡಗಡೆಯ ಟಿಪ್ಪಣಿ ಇದ್ದರೆ ತಪ್ಪು ಹಿಡಿಯಬಹುದು.

ಮಗಳು ಇದೆಲ್ಲ ಮಾಡ್ತಾಳೆ, ಸಂತೋಷ. ಆದರೆ ಪರೀಕ್ಷೆಯಲ್ಲಿ ನೋಟ್ಸಲ್ಲಿ ಇದ್ದಂಗೇ ಬರೆದರೇ ಅಂಕ ಅಂತಾರೆ.
– ತಾಯಿ, ಬೇಲೂರು

ಪರೀಕ್ಷೆಗೆ ಕೇಳಿದ್ದನ್ನೇ ಬರೆಯಲಿ, ಅದರಲ್ಲಿ ಅವಮಾನವೇನಿಲ್ಲ. ನೋಡಿ ಬರೆದ ಪುಸ್ತಕ ಬೇರೆಯೇ ಇರಲಿ, ಪುಟಕ್ಕೆ ತಾರೀಖು, ಜಾಗ, ಹೊತ್ತು ಹಾಕಿರಲಿ. ಉತ್ತರದಲ್ಲಿ ಚಿತ್ರ ಕೇಳಿದ ಕಡೆ ತಾನು ಬಿಡಿಸಿ ಅಳೆದದ್ದನ್ನು ಹಾಕಿದರೆ ಅಂಕಕ್ಕೂ ನಷ್ಟವಿಲ್ಲ. ಸಂದರ್ಶನಕ್ಕೆ ಹೋಗುವಾಗ ಆ ಪುಸ್ತಕವನ್ನೂ ಬ್ಯಾಗಿನಲ್ಲಿ ಇಟ್ಟುಕೊಳ್ಳಲಿ.