ಏಳು 'ನಾವು'ಗಳ ಪದ್ಯವೂ ಗುಜರಿಗೆ ಹೋದ ಪುಸ್ತಕಗಳೂ

ಮನೆಯಲ್ಲಿ ತುಳು, ತರಗತಿಯಲ್ಲಿ ಕನ್ನಡ, ಕಚೇರಿಯ ಕಾಗದಗಳಲ್ಲಿ ಮಲಯಾಳ, ಪದವಿಗೆ ಓದಿದ್ದು ಇಂಗ್ಲಿಷ್. ಕವಿತೆಗೆ ಇವುಗಳಲ್ಲಿ ಒಂದನ್ನೇ ಹಿಡಿಯಬೇಕೆಂದು ಹಿರಿಯರು ಹೇಳುತ್ತಿದ್ದಾರೆ, ಯಾವುದನ್ನು ಹಿಡಿಯಲಿ, ಅಧ್ಯಾಪಕ ವೃತ್ತಿಯನ್ನು ಬಿಟ್ಟರೆ ಬರವಣಿಗೆ ಸುಧಾರಿಸೀತೇ ಎಂದು ಕೇಳಿದ್ದೀರಿ. ಹೆಸರೊಂದನ್ನು ಬಿಟ್ಟರೆ ಇದು ನಾನೇ ಬರೆದ ಪ್ರಶ್ನೆಯಂತಿದೆ.

ನಾನು ಕಾಸರಗೋಡಿನ ಕಡೆಯವನು. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅದೇ ಒಂದು ಜಿಲ್ಲೆಯಾಗಿತ್ತು. ಒಂದೇ ಕಟ್ಟಡದಲ್ಲಿ ಕನ್ನಡ ಮಾಧ್ಯಮ ಮತ್ತು ಮಲಯಾಳ ಮಾಧ್ಯಮ ಎರಡೂ ಇದ್ದ ಶಾಲೆಯಲ್ಲಿ 31 ವರ್ಷ ಕನ್ನಡ ಕಲಿಸಿದೆ. ಹಗಲಿಗೆ ಕನ್ನಡ ಕಲಿಸಿ, ಅಧ್ಯಾಪಕರ ಕೋಣೆಯಲ್ಲಿ ಮಲಯಾಳದಲ್ಲಿ ಹರಟಿ, ಸಂಜೆ ಮನೆಗೆ ಬಂದು ನೂರು ಪುಟದ ನೋಟುಪುಸ್ತಕದಲ್ಲಿ ತುಳು ಪದ್ಯ ಬರೆಯುತ್ತಿದ್ದೆ. ನಾಲ್ಕು ಪುಸ್ತಕಗಳು ತುಂಬಿದ್ದವು.

ಆಗ ನಾನು ಬಹಳ ಗೌರವಿಸುತ್ತಿದ್ದ ಹಿರಿಯ ಕವಿಯೊಬ್ಬರು ನಿಮಗೆ ಈಗ ಹೇಳುತ್ತಿರುವುದನ್ನೇ ನನಗೂ ಹೇಳಿದರು. ಮಾಸ್ತಿಯವರ ಮನೆಮಾತು ತಮಿಳು, ಗೋವಿಂದ ಪೈಗಳದು ಕೊಂಕಣಿ, ಬೇಂದ್ರೆಯವರದು ಮರಾಠಿ. ಮೂವರೂ ಕನ್ನಡವನ್ನು ಹಿಡಿದದ್ದರಿಂದಲೇ ದೊಡ್ಡವರಾದರು ಎಂಬುದು ಅವರ ವಾದವಾಗಿತ್ತು. ಎದುರುತ್ತರ ಕೊಡುವಷ್ಟು ಓದು ನನಗಿರಲಿಲ್ಲ. ಮುಂದಿನ ಒಂದೂವರೆ ವರ್ಷ ಕುಳಿತು ತುಳು ಪದ್ಯಗಳಲ್ಲಿ ಐವತ್ತರಷ್ಟನ್ನು ಕನ್ನಡಕ್ಕೆ ತಂದೆ, ಸಂಕಲನವಾಯಿತು, ತಕ್ಕಮಟ್ಟಿಗೆ ಹೆಸರೂ ಬಂತು. ಬಾಡಿಗೆ ಮನೆಯನ್ನು ಬದಲಾಯಿಸುವ ದಿನ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿನೊಂದಿಗೆ ಆ ನಾಲ್ಕು ನೋಟುಪುಸ್ತಕಗಳನ್ನೂ ಗುಜರಿಯವನಿಗೆ ಕೊಟ್ಟುಬಿಟ್ಟೆ.

ಇಲ್ಲಿ ನನ್ನ ತಪ್ಪು ಯಾವುದೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೇಳಿದವರೆಲ್ಲ ಅದನ್ನು ಬೇರೆಲ್ಲೋ ಹುಡುಕುತ್ತಾರೆ. ಕನ್ನಡದಲ್ಲಿ ಬರೆದದ್ದು ತಪ್ಪಲ್ಲ. ನನ್ನ ಪದ್ಯವನ್ನು ನಾನೇ ಅನುವಾದಿಸಿದ್ದೂ ತಪ್ಪಲ್ಲ. ಗುಜರಿಯವನ ಚೀಲವೂ ನಿಮಿತ್ತ ಮಾತ್ರ. ಕನ್ನಡ ಪದ್ಯ ಕೈಗೆ ಬಂದ ಗಳಿಗೆಯಿಂದ ತುಳು ಪದ್ಯವನ್ನು ನಾನು ಮನಸ್ಸಿನಲ್ಲಿ 'ಕರಡು' ಎಂದು ಕರೆಯತೊಡಗಿದೆನಲ್ಲ, ತಪ್ಪು ಆಗಿದ್ದು ಅಲ್ಲಿ. ಕರಡು ಎಂದ ಮೇಲೆ ಅದನ್ನು ಯಾರು ಇಟ್ಟುಕೊಳ್ಳುತ್ತಾರೆ? ಗುಜರಿಯವನು ಬಾರದಿದ್ದರೆ ಒಲೆಗಾದರೂ ಹಾಕುತ್ತಿದ್ದೆ.

ಒಂದು ಪದ್ಯದ ಮಾತು ಹೇಳುತ್ತೇನೆ. ನಮ್ಮ ಹಿರಿಯರ ಮನೆ ಪಾಲಾಗಿ, ಅಂಗಳದ ನಡುವೆ ಮಣ್ಣಿನ ಗೋಡೆ ಎದ್ದ ಕಾಲದಲ್ಲಿ ನನ್ನ ದೊಡ್ಡಮ್ಮ ಅಮ್ಮನೊಡನೆ ಆಡಿದ ಮಾತುಗಳಷ್ಟನ್ನೇ ಪೋಣಿಸಿದ ಪದ್ಯ ಅದು. ತುಳುವಿನಲ್ಲಿ 'ನಾವು' ಎಂಬುದಕ್ಕೆ ಎರಡು ಪದಗಳಿವೆ. ಕೇಳುತ್ತಿರುವವರನ್ನೂ ಸೇರಿಸಿಕೊಂಡರೆ 'ನಮ', ಅವರನ್ನು ಹೊರಗಿಟ್ಟರೆ 'ಎಂಕುಲು'. ಪದ್ಯದ ಮೊದಲಿಗೆ ದೊಡ್ಡಮ್ಮ 'ನಮ ಎಲ್ಲೆ ಪೋಪ' ಎನ್ನುತ್ತಾಳೆ, ಕೊನೆಗೆ 'ಎಂಕುಲು ಎಲ್ಲೆ ಪೋಪ' ಎನ್ನುತ್ತಾಳೆ. ಕನ್ನಡದಲ್ಲಿ ಎರಡೂ 'ನಾವು ನಾಳೆ ಹೋಗುತ್ತೇವೆ'. ತುಳುವಿನಲ್ಲಿ ಕ್ರಿಯಾಪದ ಕೂಡ ಬದಲಾಗುವುದಿಲ್ಲ. ಒಂದು ಪದ ಮಾತ್ರ ಬದಲಾಗಿ, ಅಮ್ಮ ಗೋಡೆಯ ಆಚೆಗೆ ಹೋಗಿಬಿಡುತ್ತಾಳೆ. ಗೋಡೆ ಎಂಬ ಶಬ್ದವೇ ಆ ಪದ್ಯದಲ್ಲಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಕನ್ನಡಕ್ಕೆ ತರುವಾಗ ಏಳು ಕಡೆ 'ನಾವು' ಎಂದು ಬರೆದೆ, ಓದಲು ಇಂಪಾಗಿಯೇ ಇತ್ತು. ವಿಮರ್ಶಕರೊಬ್ಬರು ಇದನ್ನು ಕೂಡುಕುಟುಂಬದ ಒಗ್ಗಟ್ಟಿನ ಹಾಡು ಎಂದು ಹೊಗಳಿ ಬರೆದರು. ನಾನು ತಿದ್ದಲಿಲ್ಲ, ಹೊಗಳಿಕೆಯನ್ನು ತಿದ್ದುವ ಧೈರ್ಯ ಮೊದಲ ಸಂಕಲನದವನಿಗೆ ಎಲ್ಲಿಂದ ಬರಬೇಕು?

ಹತ್ತು ಹನ್ನೆರಡು ವರ್ಷಗಳ ಬಳಿಕ ಅಧ್ಯಾಪಕರ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿಯ ಮಲಯಾಳ ಅಧ್ಯಾಪಕರು ಆ ಪದ್ಯವನ್ನು ತಮ್ಮ ಭಾಷೆಗೆ ತರಲು ಹೊರಟರು. ಮಲಯಾಳದಲ್ಲಿಯೂ ಇದೇ ಭೇದವಿದೆ: 'ನಮ್ಮಳ್' ಎಂದರೆ ಕೇಳುವವರೂ ಸೇರಿ, 'ಞಙ್ಙಳ್' ಎಂದರೆ ಅವರನ್ನು ಬಿಟ್ಟು. ಪೆನ್ಸಿಲಿನಿಂದ ಏಳೂ 'ನಾವು'ಗಳ ಕೆಳಗೆ ಗೆರೆ ಎಳೆದು, "ಮಾಷೇ, ಇದು ಯಾವ ನಾವು?" ಎಂದು ಒಂದೊಂದಾಗಿ ಕೇಳುತ್ತ ಬಂದರು. ಮೊದಲನೆಯದು ನಮ್ಮಳ್, ಕೊನೆಯದು ಞಙ್ಙಳ್, ಅಷ್ಟು ನನಗೆ ಗೊತ್ತಿತ್ತು. ನಡುವಿನ ಐದರಲ್ಲಿ ದೊಡ್ಡಮ್ಮ ಎಲ್ಲಿ ತಿರುಗಿದಳು? ಪದ್ಯದ ಜೀವವೇ ಆ ತಿರುವಿನಲ್ಲಿತ್ತು, ಬರೆದವನಿಗೇ ಅದು ನೆನಪಿರಲಿಲ್ಲ. ಪಾಠದ ಗಂಟೆ ಹೊಡೆಯಿತು, ಎದ್ದು ಹೋದೆ. ಅವರ ಹಾಳೆಯಲ್ಲಿ ಆ ಐದು ಸಾಲುಗಳಲ್ಲಿಯೂ ಎರಡೆರಡು ಪದಗಳನ್ನು ಬರೆದು ನಡುವೆ ಓರೆಗೆರೆ ಹಾಕಿಟ್ಟರು. ಅನುವಾದ ಅಚ್ಚಾಗಲಿಲ್ಲ. ಅಮ್ಮ ಅಷ್ಟರಲ್ಲಿ ತೀರಿಹೋಗಿದ್ದಳು, ದೊಡ್ಡಮ್ಮನನ್ನು ಕೇಳುವ ಮಾತೇ ಇರಲಿಲ್ಲ. ಆಮೇಲೆ ನಾನೇ ಊಹೆಯಿಂದ ತುಳುವಿನಲ್ಲಿ ಮತ್ತೊಮ್ಮೆ ಬರೆದು ನೋಡಿದೆ. ಅದು ನನ್ನ ಕನ್ನಡ ಪದ್ಯದ ತುಳು ಅನುವಾದವಾಯಿತೇ ಹೊರತು ದೊಡ್ಡಮ್ಮನ ದನಿ ಬರಲಿಲ್ಲ.

ಈಗ ನಿಮ್ಮ ಹಿರಿಯರ ವಾದಕ್ಕೆ ಬರುತ್ತೇನೆ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ, ಮರಾಠಿ ದಟ್ಟವಾಗಿದ್ದ ಊರಿನಲ್ಲಿ, ಕನ್ನಡ ಕಲಿಸಿದರು; ಮರಾಠಿಯಲ್ಲಿಯೂ ಬರೆದರು. ಅಂದಹಾಗೆ ಮರಾಠಿಯಲ್ಲಿಯೂ 'ಆಮ್ಹೀ' ಮತ್ತು 'ಆಪಣ' ಎಂದು ಎರಡು ನಾವುಗಳಿವೆ. ಅವುಗಳನ್ನು ಮನೆಯಲ್ಲಿ ಬಳಸುತ್ತಲೇ ಕನ್ನಡದ ಒಂದೇ 'ನಾವು' ಹಿಡಿದು ಅವರು ಹೇಗೆ ಕೆಲಸ ಮಾಡಿದರೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಸೀಮೆಯವರೇ ಆದ ಕಯ್ಯಾರ ಕಿಞ್ಞಣ್ಣ ರೈಗಳು ಶಾಲಾ ಅಧ್ಯಾಪಕರಾಗಿದ್ದುಕೊಂಡು ಕನ್ನಡದೊಂದಿಗೆ ತುಳುವಿನಲ್ಲಿಯೂ ಕವಿತೆ ಬರೆದರು. ಮನೆಮಾತು ತಮಿಳಾಗಿದ್ದ ಎ.ಕೆ. ರಾಮಾನುಜನ್ 1966ರಲ್ಲಿ ಇಂಗ್ಲಿಷಿನ 'ದಿ ಸ್ಟ್ರೈಡರ್ಸ್', 1969ರಲ್ಲಿ ಕನ್ನಡದ 'ಹೊಕ್ಕುಳಲ್ಲಿ ಹೂವಿಲ್ಲ', 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ 'ಸ್ಪೀಕಿಂಗ್ ಆಫ್ ಶಿವ' ಕೊಟ್ಟರು. ಆ ವರ್ಷಗಳಲ್ಲೆಲ್ಲ ಅವರು ಷಿಕಾಗೋದಲ್ಲಿ ಪಾಠ ಹೇಳುತ್ತಿದ್ದರು. ಇವರೆಲ್ಲ ಒಂದನ್ನು ಹಿಡಿದು ಉಳಿದವನ್ನು ಬಿಟ್ಟವರು ಎಂದು ಹೇಳುವುದು ಅರ್ಧ ಲೆಕ್ಕ.

ಆದ್ದರಿಂದ ಯಾವ ಭಾಷೆಯನ್ನು ಆರಿಸಲಿ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪದ್ಯದಲ್ಲಿ ಮಾತನಾಡುತ್ತಿರುವವರು ಯಾರು, ಅವರು ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳಿಕೊಳ್ಳಿ. ನಿಮ್ಮ ಅಜ್ಜಿ ಇಂಗ್ಲಿಷಿನಲ್ಲಿ ಬೈಯಲಾರರು, ನಿಮ್ಮ ಶಾಲೆಯ ಸುತ್ತೋಲೆ ತುಳುವಿನಲ್ಲಿ ಗದರಿಸಲಾರದು. ಇಂಗ್ಲಿಷಿನಲ್ಲಿ ಬರೆದರೆ ಹೆಚ್ಚು ಜನ ಓದುತ್ತಾರೆ ಎಂಬ ನಿಮ್ಮ ಲೆಕ್ಕಾಚಾರದ ಬಗ್ಗೆ ನನಗೆ ಹೇಳಲು ಏನೂ ಇಲ್ಲ; ಅದು ಪ್ರಕಾಶಕರ ಚಿಂತೆ. ಕನ್ನಡ ಲಿಪಿಯಲ್ಲಿ ತುಳು ಬರೆಯುವುದು ಕಷ್ಟವೆಂದಿದ್ದೀರಿ, ಅದು ನಿಜ. 'ನಾನು ಬಂದೆ', 'ಅವನು ಬಂದ' ಎರಡಕ್ಕೂ 'ಬತ್ತೆ' ಎಂದೇ ಬರೆಯುತ್ತೇವೆ, ಕೊನೆಯ ಸ್ವರದ ವ್ಯತ್ಯಾಸ ಲಿಪಿಗೆ ಸಿಗುವುದಿಲ್ಲ. ಅಂಚಿನಲ್ಲಿ ನಿಮ್ಮದೇ ಒಂದು ಗುರುತು ಹಾಕಿಕೊಳ್ಳಿ, ಗಟ್ಟಿಯಾಗಿ ಓದಿ ಫೋನಿನಲ್ಲಿ ಧ್ವನಿಮುದ್ರಿಸಿಡಿ. ನನ್ನ ಕಾಲದಲ್ಲಿ ಆ ಸೌಕರ್ಯವಿದ್ದಿದ್ದರೆ ದೊಡ್ಡಮ್ಮ ಉಳಿಯುತ್ತಿದ್ದಳು.

ಕೆಲಸ ಬಿಡುವ ಮಾತನ್ನಂತೂ ಆಡಬೇಡಿ. 'ನಾವು' ಎಷ್ಟು ಬಗೆ ಎಂದು ಎಂಟನೆಯ ತರಗತಿಯಲ್ಲಿ ಒಮ್ಮೆ ಕೇಳಿದಾಗ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಬ್ಯಾರಿ ಮಾತಿನ ಮನೆಯಿಂದ ಬರುತ್ತಿದ್ದ ಹುಡುಗ ಎದ್ದು ನಿಂತು, "ನಾವು ಅಂತ ಹೇಳುವಾಗ ನೀವು ಬರ್ತೀರೋ ಇಲ್ಲವೋ ಅಂತ ಮೊದಲು ಹೇಳಿ ಸರ್" ಎಂದಿದ್ದ. ಆ ಒಂದು ವಾಕ್ಯ ನನಗೆ ಮನೆಯಲ್ಲಿ ಕುಳಿತಿದ್ದರೆ ಸಿಗುತ್ತಿರಲಿಲ್ಲ.

ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲಿ, ಮುಂದಿನ ತಿಂಗಳು ವರ್ಗವಾಗುತ್ತಿದೆ, ಹಳೆಯ ಟಿಪ್ಪಣಿಗಳನ್ನೆಲ್ಲ ವಿಲೇವಾರಿ ಮಾಡಿ ಹಗುರಾಗಿ ಹೋಗಬೇಕೆಂದಿದ್ದೇನೆ ಎಂದು ಬರೆದಿದ್ದೀರಿ. ಪಾಠದ ಟಿಪ್ಪಣಿಗಳನ್ನು ಕೊಟ್ಟುಬಿಡಿ, ಪಠ್ಯಪುಸ್ತಕ ಹೇಗೂ ಬದಲಾಗುತ್ತದೆ. ತುಳುವಿನ ಹಾಳೆಗಳನ್ನು ಮಾತ್ರ ಬೇರೆ ಕಟ್ಟು ಕಟ್ಟಿ, ಲಾರಿಗೆ ಹಾಕದೆ ನಿಮ್ಮ ಕೈಚೀಲದಲ್ಲಿ ಇಟ್ಟುಕೊಳ್ಳಿ.