ನಾಯಕಿಯ ಮನಸ್ಸು ಕದ್ದ ನಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ‘ದಿ ಸೆವೆನ್ ಹಸ್ಬೆಂಡ್ಸ್ ಆಫ್ ಎವೆಲಿನ್ ಹ್ಯೂಗೋ’ ಓದಿ ಮುಗಿಸಿದ್ಮೇಲೆ ಬೇರೆ ಯಾವ ಬುಕ್ಕೂ ರುಚಿಸ್ತಿಲ್ಲ. ಹೆಣ್ಣೊಬ್ಬಳು ನಟಿಯನ್ನ ಪ್ರೀತಿಸೋ ಕಾದಂಬರಿ ಇನ್ಯಾವ್ದಿದೆ?

ಉತ್ತರ: ಟೇಲರ್ ಜೆಂಕಿನ್ಸ್ ರೀಡ್ ಅವ್ರ ಆ ಪುಸ್ತಕ (2017) ಓದಿದೋರಿಗೆಲ್ಲ ಹೀಗೇ ಆಗುತ್ತೆ. ಅದರಲ್ಲಿ ನನ್ನನ್ನ ಅಲ್ಲಾಡಿಸಿದ ಜಾಗ ಹೇಳ್ತೀನಿ, ಹಾಲಿವುಡ್ ನಟಿ ಎವೆಲಿನ್ ಮತ್ತು ಅವ್ಳು ಪ್ರೀತಿಸೋ ನಟಿ ಸೀಲಿಯಾ ಬಗ್ಗೆ ಗುಸುಗುಸು ಎದ್ದ ಕೂಡ್ಲೇ ಎವೆಲಿನ್ ಒಬ್ಬ ಸಿಂಗರ್‌ನ ಕರ್ಕೊಂಡು ಲಾಸ್ ವೇಗಸ್‌ಗೆ ಹೋಗಿ ಮದ್ವೆ ಮಾಡ್ಕೊತಾಳಲ್ಲ, ಊರವರ ಬಾಯಿ ಮುಚ್ಸೋಕೆ ಆಡಿದ ಆ ನಾಟಕ ಪ್ರೀತಿಸಿದೋಳನ್ನೇ ದೂರ ಮಾಡ್ಬಿಡುತ್ತೆ.

ಅದೇ ನೋವು ಬೇಕು ಅಂದ್ರೆ ಸಾರಾ ವಾಟರ್ಸ್ ಅವ್ರ ‘ಟಿಪ್ಪಿಂಗ್ ದಿ ವೆಲ್ವೆಟ್’ (1998) ಓದಿ. ವಿಕ್ಟೋರಿಯನ್ ಕಾಲದ ಇಂಗ್ಲೆಂಡು, ಸಿಂಪಿ ಮಾರೋ ಮನೆಯ ಹುಡ್ಗಿ ನ್ಯಾನ್, ಗಂಡಸಿನ ವೇಷ ಹಾಕಿ ಹಾಡೋ ಕಿಟ್ಟಿ ಬಟ್ಲರ್‌ನ ನೋಡೋಕೆ ಮತ್ತೆ ಮತ್ತೆ ಥಿಯೇಟರ್‌ಗೆ ಹೋಗ್ತಾಳೆ, ಆಮೇಲೆ ಅವಳ ವೇಷಭೂಷಣ ನೋಡ್ಕೊಳ್ಳೋಳಾಗ್ತಾಳೆ, ಕೊನೆಗೆ ಜೊತೇಲೇ ಸ್ಟೇಜ್ ಹತ್ತಿ ಹಾಡ್ತಾಳೆ. ಸ್ಟೇಜ್ ಮೇಲೆ ಸೂಟು ಹಾಕ್ಕೊಂಡು ಹುಡ್ಗೀರ ಮೇಲೆ ಪ್ರೇಮಗೀತೆ ಹಾಡಿದ್ರೆ ಜನ ಚಪ್ಪಾಳೆ ಹೊಡೀತಾರೆ, ಅದೇ ಪ್ರೀತಿ ನಿಜ ಅಂತ ಗೊತ್ತಾದ್ರೆ ಏನಾಗುತ್ತೋ ಅನ್ನೋ ಭಯ ಕಿಟ್ಟಿಗೆ, ಆ ಭಯದಲ್ಲಿ ಅವ್ಳು ಮಾಡೋ ಕೆಲ್ಸ ಓದ್ವಾಗ ಸಿಟ್ಟೂ ಬರುತ್ತೆ, ಪಾಪ ಅಂತಾನೂ ಅನ್ಸುತ್ತೆ.

ಹಗುರವಾಗಿ ಬೇಕಾ? ಜೇ ಅನ್ನೋ ಲೇಖಕಿಯ ‘ಡ್ಯಾಮೇಜ್ ಕಂಟ್ರೋಲ್’ ಇದೆ, ರೊಮ್ಯಾಂಟಿಕ್ ಕಾಮಿಡಿ ನಟಿ ಲೆಸ್ಬಿಯನ್ ಅಂತ ಹಬ್ಬಿದ ಸುದ್ದಿ ತಣ್ಣಗಾಗಿಸೋಕೆ ಬಂದ ಪಿಆರ್ (ಪ್ರಚಾರ ನೋಡ್ಕೊಳ್ಳೋ) ಹುಡ್ಗೀನೇ ಅವಳಿಗೆ ಮನಸ್ಸು ಕೊಡ್ತಾಳೆ.

ಪ್ರಶ್ನೆ: ಈ ಕಥೆಗಳಲ್ಲಿ ಯಾವಾಗ್ಲೂ ನಟಿಯರೇ ಯಾಕೆ? ಬರೀ ಗ್ಲಾಮರ್‌ಗಾ?

ಉತ್ತರ: ಗ್ಲಾಮರ್ ಇದ್ದೇ ಇದೆ, ಆದ್ರೆ ನಂಗೆ ಮುಖ್ಯ ಅನ್ಸೋದು ಬೇರೆ. ಪ್ರೀತಿ ಇದ್ಹಂಗೆ ನಟಿಸೋದೇ ಅವಳ ಹೊಟ್ಟೆಪಾಡು, ಹಾಗಾಗಿ ಎದುರಿಗಿರೋಳಿಗೆ ಇವಳ ಈ ನೋಟ ನನಗೇನಾ ಇಲ್ಲ ಕ್ಯಾಮೆರಾಗಾ ಅನ್ನೋ ಅನುಮಾನ ಬಿಡೋದೇ ಇಲ್ಲ. ಲೀ ವಿಂಟರ್ ಅವ್ರ ‘ಬ್ರೇಕಿಂಗ್ ಕ್ಯಾರೆಕ್ಟರ್’ ಕಥೆ ಪೂರ್ತಿ ನಿಂತಿರೋದು ಇದ್ರ ಮೇಲೇನೇ, ಇಬ್ರು ನಟಿಯರು ಜೋಡಿ ಅಂತ ನಾಟಕ ಆಡ್ತಾ ಆಡ್ತಾ ನಾಟಕ ಎಲ್ಲಿ ನಿಲ್ತು ಅಂತಾನೇ ಗೊತ್ತಾಗಲ್ಲ.

ಇನ್ನೊಂದು, ಮುಚ್ಚಿಡೋದಕ್ಕೆ ಗಟ್ಟಿ ಕಾರಣ ಇರುತ್ತೆ. ಹಳೇ ಹಾಲಿವುಡ್‌ನಲ್ಲಿ 1934ರಿಂದ 1968ರವರೆಗೆ ಹೇಸ್ ಕೋಡ್ ಅನ್ನೋ, ಸಿನಿಮಾದಲ್ಲಿ ಏನು ತೋರಿಸ್ಬಹುದು ಏನು ತೋರಿಸ್ಬಾರ್ದು ಅನ್ನೋ ನಿಯಮಾವಳಿ ಜಾರಿಯಲ್ಲಿತ್ತು, ತೆರೆ ಮೇಲೆ ಸಲಿಂಗ ಪ್ರೀತಿ ತೋರಿಸೋ ಹಾಗೇ ಇರ್ಲಿಲ್ಲ (1961ರಲ್ಲಿ ಸ್ವಲ್ಪ ಸಡಿಲ ಮಾಡಿದ್ರು), ತೆರೆ ಹಿಂದೆ ಕಾಂಟ್ರ್ಯಾಕ್ಟ್‌ನಲ್ಲಿ ನಡತೆಯ ಷರತ್ತು. ಪ್ರೀತಿ ಬಯಲಾದ್ರೆ ಕೆಲ್ಸಾನೇ ಹೋಗೋ ಪರಿಸ್ಥಿತಿ, ಅದಕ್ಕೇ ಎಷ್ಟೋ ಜನ ತೋರಿಕೆಗೆ ಮದ್ವೆ ಆಗ್ತಿದ್ರು. ಶೂಟಿಂಗು, ರಿಹರ್ಸಲ್ಲು, ಕಾಂಟ್ರ್ಯಾಕ್ಟು ಏನೂ ಇಲ್ದೆ ಬರೀ ರೆಡ್ ಕಾರ್ಪೆಟ್ ಗೌನ್ ಬಣ್ಣಿಸೋ ಕಾದಂಬರೀಲಿ ಈ ಒತ್ತಡ ಸಿಗೋದೇ ಇಲ್ಲ, ಅಂಥವನ್ನ ನಾನು ಅರ್ಧಕ್ಕೇ ಬಿಡ್ತೀನಿ.

ಪ್ರಶ್ನೆ: ಕೊನೇಲಿ ಒಬ್ರು ಸಾಯ್ಲೇಬೇಕಾ? ಅಳೋಕೆ ಶಕ್ತಿ ಇಲ್ಲ.

ಉತ್ತರ: ಖಂಡಿತ ಬೇಡ. ರೊಮ್ಯಾನ್ಸ್ ಅಂತ ಬರೋ ಪುಸ್ತಕಗಳಲ್ಲಿ ಸುಖಾಂತ್ಯ ಬಹುತೇಕ ಕಟ್ಟುನಿಟ್ಟು, ಜೇ, ಲೀ ವಿಂಟರ್ ಇಬ್ರನ್ನೂ ನಂಬಿ ಓದ್ಬಹುದು. ಎವೆಲಿನ್ ಮಾತ್ರ ಆ ಸಾಲಿಗೆ ಸೇರಲ್ಲ, ಕರ್ಚೀಫ್ ಇಟ್ಕೊಂಡೇ ಕೂತ್ಕೊಳ್ಳಿ.